ಹದಿಹರೆಯದ ಕ್ರಿಶ್ಚಿಯನ್ ರಾಕ್ ಸಂಗೀತವನ್ನು ಮತ್ತೆ ಕೇಳುವ ಕ್ರಮ

ಹದಿಹರೆಯದಲ್ಲಿ ಕೇಳಿದ ಹಾಡುಗಳು ಯಾರಿಗೂ ಸುಲಭವಾಗಿ ಮರೆತುಹೋಗುವುದಿಲ್ಲ. ಆದರೆ ಆ ಹಾಡುಗಳು ಕ್ರಿಶ್ಚಿಯನ್ ರಾಕ್ (ಕ್ರೈಸ್ತ ನಂಬಿಕೆಯನ್ನು ಹಾಡುವ ರಾಕ್ ಸಂಗೀತ) ಆಗಿದ್ದರೆ ನೆನಪಿನ ಲೆಕ್ಕಾಚಾರ ಸ್ವಲ್ಪ ತೊಡಕಾಗುತ್ತದೆ. ಗಿಟಾರಿನ ಸದ್ದಿನ ಜೊತೆಗೇ ಆಗ ಇದ್ದ ನಂಬಿಕೆ, ಶನಿವಾರ ಸಂಜೆಯ ಯುವಜನ ಕೂಟ, ಸಭಾಪಾಲಕರ (ಚರ್ಚಿನ ಪಾದ್ರಿಗಳ) ಹುಬ್ಬುಗಂಟು, ಪ್ರಾರ್ಥನೆಯಲ್ಲಿ ಅತ್ತ ಮುಜುಗರ ಎಲ್ಲವೂ ಎದ್ದು ಬರುತ್ತವೆ. ಇಂದು ಆ ನಂಬಿಕೆಯಲ್ಲೇ ಇರುವವರಿಗೆ ಅಂದಿನ ಹಾಡು ಬಾಲಿಶವೆನಿಸಬಹುದು, ಅದರಿಂದ ದೂರ ಬಂದವರಿಗೆ ಅದೇ ಹಾಡು ನುಂಗಲಾರದ ತುತ್ತಾಗಬಹುದು. ಹೀಗಾಗಿ ಈ ಸಂಗೀತಕ್ಕೆ ಮರಳುವಾಗ ಒಂದು ಕ್ರಮವಿರುವುದು ಒಳ್ಳೆಯದು. ಸಂಗೀತದ ಮೇಲಿನ ಪ್ರೀತಿ ಎಷ್ಟು, ಅಂದಿನ ತಮ್ಮ ಮೇಲಿನ ಪ್ರೀತಿ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡದೆ ಹಾಡುಗಳ ಬಗ್ಗೆ ತೀರ್ಪು ಕೊಟ್ಟರೆ ಅದು ಸಾಮಾನ್ಯವಾಗಿ ಅನ್ಯಾಯದ ತೀರ್ಪಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಇಸವಿಯನ್ನು ಗೊತ್ತುಮಾಡಿಕೊಳ್ಳಿ

ಮೊದಲ ಕೆಲಸ ಪ್ಲೇಲಿಸ್ಟ್ ಹುಡುಕುವುದಲ್ಲ, ನೀವು ಯಾವ ಕಾಲದ ಕೇಳುಗರು ಎಂದು ತಿಳಿದುಕೊಳ್ಳುವುದು. ಈ ಸಂಗೀತ ಹತ್ತು ವರ್ಷಕ್ಕೊಮ್ಮೆ ವೇಷ ಬದಲಿಸಿದೆ, ಆಯಾ ಕಾಲದವರಿಗೆ ತಮ್ಮ ಹತ್ತು ವರ್ಷವೇ ಕ್ರಿಶ್ಚಿಯನ್ ರಾಕ್‌ನ ಇಡೀ ಚರಿತ್ರೆಯಂತೆ ಕಾಣುತ್ತದೆ. ಇದರ ಬೇರು ಇರುವುದು 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿಗಳ ನಡುವೆ ಹಬ್ಬಿದ ಜೀಸಸ್ ಚಳವಳಿಯಲ್ಲಿ. 1969ರಲ್ಲಿ ಕ್ಯಾಪಿಟಲ್ ಕಂಪನಿ ಹೊರತಂದ ಲ್ಯಾರಿ ನಾರ್ಮನ್ ಅವರ ‘ಅಪಾನ್ ದಿಸ್ ರಾಕ್’ ಆಲ್ಬಮ್ಮನ್ನು ಇದರ ಮೊದಲ ಮೈಲಿಗಲ್ಲುಗಳಲ್ಲಿ ಒಂದೆಂದು ಎಣಿಸುವುದು ರೂಢಿ. 1972ರಲ್ಲಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಪೆಟ್ರಾ ತಂಡ ಹುಟ್ಟಿತು. 1980ರ ದಶಕದ ಹುಡುಗರಿಗೆ ಪೆಟ್ರಾ ಮತ್ತು ಸ್ಟ್ರೈಪರ್ ಎಂಬ ಎರಡು ಹೆಸರುಗಳೇ ಸಾಕಾಗಿದ್ದವು. ಸ್ಟ್ರೈಪರ್ ತಂಡದವರು ಹಳದಿ-ಕಪ್ಪು ಪಟ್ಟೆಗಳ ಬಿಗಿ ಉಡುಪು ತೊಟ್ಟು, ಕೂದಲು ಹರಡಿಕೊಂಡು, ವೇದಿಕೆಯಿಂದ ಜನರ ಕಡೆಗೆ ಬೈಬಲಿನ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿದ್ದರು. ಅವರ 1986ರ ಆಲ್ಬಮ್ ‘ಟು ಹೆಲ್ ವಿತ್ ದ ಡೆವಿಲ್’ ಅಮೆರಿಕದಲ್ಲಿ ಪ್ಲಾಟಿನಮ್ ಮಟ್ಟ (ಹತ್ತು ಲಕ್ಷ ಪ್ರತಿಗಳು) ಮುಟ್ಟಿತು.

1990ರ ದಶಕದಲ್ಲಿ ಹದಿಹರೆಯದಲ್ಲಿದ್ದವರಿಗೆ ಡಿಸಿ ಟಾಕ್, ನ್ಯೂಸ್‌ಬಾಯ್ಸ್, ಆಡಿಯೊ ಅಡ್ರಿನಲಿನ್, ಜಾರ್ಸ್ ಆಫ್ ಕ್ಲೇ ಮುಖ್ಯ. ಸ್ವಲ್ಪ ಕಿಡಿಗೇಡಿ ಸ್ವಭಾವದವರಿಗೆ 1993ರಲ್ಲಿ ಶುರುವಾದ ಟೂತ್ ಅಂಡ್ ನೇಲ್ ಕಂಪನಿಯ ಪಂಕ್ ತಂಡಗಳು ಹಿಡಿಸಿರುತ್ತವೆ. 2000ದ ಆಚೀಚೆಯವರು ಸ್ಯಾನ್ ಡಿಯಾಗೊದ ಎರಡು ತಂಡಗಳನ್ನು ನೆನೆಯುತ್ತಾರೆ: 2001ರ ಸೆಪ್ಟೆಂಬರ್ 11ರಂದೇ ‘ಸ್ಯಾಟಲೈಟ್’ ಆಲ್ಬಮ್ ಬಿಡುಗಡೆ ಮಾಡಿದ ಪಿ.ಓ.ಡಿ. ಮತ್ತು 2003ರಲ್ಲಿ ‘ದ ಬ್ಯೂಟಿಫುಲ್ ಲೆಟ್‌ಡೌನ್’ ಹೊರತಂದ ಸ್ವಿಚ್‌ಫುಟ್. ಭಾರತದಲ್ಲಿದ್ದವರು ಈ ಇಸವಿಗಳಿಗೆ ಎರಡು ಮೂರು ವರ್ಷ ಕೂಡಿಸಿಕೊಳ್ಳಬೇಕು. ಇಂಟರ್ನೆಟ್ ಮನೆಮಾತಾಗುವ ಮೊದಲು ಇವು ಬಹುಮಟ್ಟಿಗೆ ಅಮೆರಿಕದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲೋ, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಮಿಜೋರಾಂ, ನಾಗಾಲ್ಯಾಂಡ್, ಮೇಘಾಲಯದ ಸಹಪಾಠಿಗಳ ಟ್ರಂಕಿನಲ್ಲೋ ಬಂದು, ಅಲ್ಲಿಂದ ಕ್ಯಾಸೆಟ್‌ನಿಂದ ಕ್ಯಾಸೆಟ್ಟಿಗೆ ನಕಲಾಗುತ್ತ ಹೋಗುತ್ತಿದ್ದವು.

ನೀವು ಕೇಳಿದ್ದ ಧ್ವನಿಮುದ್ರಣವನ್ನೇ ಹುಡುಕಿ

ಇಲ್ಲಿ ಅನೇಕರು ಎಡವುತ್ತಾರೆ. ಆ್ಯಪ್‌ನಲ್ಲಿ ಹಾಡಿನ ಹೆಸರು ಹಾಕಿದೊಡನೆ ಮೊದಲು ಬಂದದ್ದನ್ನು ಒತ್ತುತ್ತಾರೆ, ಎರಡು ನಿಮಿಷ ಕೇಳಿ ಇದರಲ್ಲಿ ಆಗಿನ ಸ್ವಾದವಿಲ್ಲವಲ್ಲ ಎಂದು ಬೇಸರಪಡುತ್ತಾರೆ. ಸ್ವಾದವಿಲ್ಲದಿರುವುದಕ್ಕೆ ಕಾರಣ ನಿಮ್ಮ ವಯಸ್ಸೇ ಆಗಿರಬೇಕಿಲ್ಲ, ಅದು ಮರುಮುದ್ರಣವಾಗಿರಬಹುದು. ಹಳೆಯ ಒಪ್ಪಂದಗಳ ಪ್ರಕಾರ ಮೂಲ ಧ್ವನಿಮುದ್ರಣದ ಒಡೆತನ ಎಷ್ಟೋ ವೇಳೆ ಕಂಪನಿಗಳ ಬಳಿಯೇ ಉಳಿಯುವುದರಿಂದ ತಂಡಗಳು ತಮ್ಮ ಹಾಡುಗಳನ್ನು ಹೊಸದಾಗಿ ಹಾಡಿ ಬಿಡುಗಡೆ ಮಾಡುವುದುಂಟು. ಪೆಟ್ರಾದ ಹಳಬರು 2010ರಲ್ಲಿ ‘ಕ್ಲಾಸಿಕ್ ಪೆಟ್ರಾ’ ಎಂಬ ಹೆಸರಿನಲ್ಲಿ ಒಟ್ಟುಗೂಡಿ ಹಳೆಯ ಹಾಡುಗಳನ್ನು ಮತ್ತೆ ಮುದ್ರಿಸಿದರು, ಸ್ಟ್ರೈಪರ್ 2013ರಲ್ಲಿ ಅದನ್ನೇ ಮಾಡಿತು, ಸ್ವಿಚ್‌ಫುಟ್ 2023ರಲ್ಲಿ ‘ದ ಬ್ಯೂಟಿಫುಲ್ ಲೆಟ್‌ಡೌನ್’ ಆಲ್ಬಮ್ಮನ್ನು ಇಡಿಯಾಗಿ ಮತ್ತೆ ಹಾಡಿತು. ಇವು ಕಳಪೆ ಎಂದು ನಾನು ಹೇಳುತ್ತಿಲ್ಲ, ಕೆಲವು ಮೂಲಕ್ಕಿಂತ ಚೊಕ್ಕವಾಗಿಯೇ ಇವೆ. ಆದರೆ ನಿಮ್ಮ ನೆನಪಿನಲ್ಲಿ ಕುಳಿತಿರುವ ಧ್ವನಿ ಅದಲ್ಲ. ಆದ್ದರಿಂದ ಬಿಡುಗಡೆಯ ವರ್ಷ ಮತ್ತು ಹಾಡಿನ ಅವಧಿ ಎರಡನ್ನೂ ನೋಡಿ. ಅವಧಿಯಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನಪಡುವುದು ಸರಿ. ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಹೆಚ್ಚಿನ ಆಲ್ಬಮ್‌ಗಳ ಮೂಲ ಮುದ್ರಣದ ವಿವರ ಸಿಗುತ್ತದೆ.

ಪೆಟ್ರಾದ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಗ್ರೆಗ್ ಎಕ್ಸ್. ವೋಲ್ಜ್ ಬಿಟ್ಟುಹೋದ ಮೇಲೆ 1986ರಿಂದ ಜಾನ್ ಶ್ಲಿಟ್ ಮುಖ್ಯ ಗಾಯಕರಾದರು. ಇಬ್ಬರ ಕಂಠಕ್ಕೂ ಅಜಗಜಾಂತರ. ಪೆಟ್ರಾ ಇಷ್ಟ ಎನ್ನುವ ಇಬ್ಬರು ಹಳೆಯ ಗೆಳೆಯರು ನಿಜವಾಗಿ ಎರಡು ಬೇರೆ ಬೇರೆ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಾದಿಸುತ್ತಿರಬಹುದು.

ಹಳೆಯ ಕ್ಯಾಸೆಟ್ ಇದ್ದರೆ

ಅಟ್ಟದ ಮೇಲೋ ಗೋಡ್ರೇಜ್ ಬೀರುವಿನ ತಳದಲ್ಲೋ ಕ್ಯಾಸೆಟ್‌ಗಳು ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಆಕರವಿಲ್ಲ, ಆದರೆ ಅವಸರಪಟ್ಟು ಪ್ಲೇಯರಿಗೆ ತುರುಕಬೇಡಿ. ಮೊದಲು ಬೆಳಕಿಗೆ ಹಿಡಿದು ಕ್ಯಾಸೆಟ್ಟಿನ ಕಿಟಕಿಯ ಮೂಲಕ ಸುರುಳಿಯ ಅಂಚನ್ನು ನೋಡಿ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಉಳಿದ ಟೇಪುಗಳ ಅಂಚಿನಲ್ಲಿ ಬಿಳಿ ಪುಡಿ ಕಾಣಿಸಿದರೆ ಅದು ಬೂಷ್ಟು. ಅಂಥದ್ದನ್ನು ಒಳ್ಳೆಯ ಕ್ಯಾಸೆಟ್ ಡೆಕ್‌ಗೆ ಹಾಕಿದರೆ ಆ ಬೂಷ್ಟು ಟೇಪಿನ ಸದ್ದನ್ನು ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಒಣ ಮೆತ್ತನೆಯ ಬಟ್ಟೆಯಿಂದ ಮೃದುವಾಗಿ ಒರೆಸುತ್ತ ಪೂರ್ತಿ ಒಮ್ಮೆ ಸುತ್ತಿ, ಆಮೇಲೆ ಒಂದು ಹಳೆಯ ಅಗ್ಗದ ಪ್ಲೇಯರಿನಲ್ಲಿ ಪರೀಕ್ಷಿಸಿ.

ಬೂಷ್ಟು ಇಲ್ಲದಿದ್ದರೆ ಆರು ಮೂಲೆಯ ಪೆನ್ಸಿಲನ್ನು ಚಕ್ರದ ಹಲ್ಲುಗಳ ನಡುವೆ ಸೇರಿಸಿ ನಿಧಾನವಾಗಿ ತಿರುಗಿಸಿ ನೋಡಿ. ಚಕ್ರ ಸಲೀಸಾಗಿ ತಿರುಗಿದರೆ ಡೆಕ್‌ನಲ್ಲಿ ಕೊನೆಯವರೆಗೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ, ಇದರಿಂದ ವರ್ಷಗಟ್ಟಲೆ ಬಿಗಿದು ಕುಳಿತ ಸುರುಳಿ ಸಡಿಲಾಗುತ್ತದೆ. 90 ನಿಮಿಷದ ಕ್ಯಾಸೆಟ್‌ಗಳ ಟೇಪು ತೆಳ್ಳಗಿರುವುದರಿಂದ ಈ ಓಡಿಸುವ ಕೆಲಸವನ್ನು ಮತ್ತೆ ಮತ್ತೆ ಮಾಡಬಾರದು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡು ಕಿತ್ತುಬಂದಿದ್ದರೆ ಧ್ವನಿ ಏರಿಳಿಯುತ್ತದೆ. ಐದು ಸ್ಕ್ರೂಗಳಿರುವ ಬೇರೊಂದು ಖಾಲಿ ಕ್ಯಾಸೆಟ್‌ನ ಹೊರಕವಚ ಬಿಚ್ಚಿ, ಸುರುಳಿಯನ್ನು ಅದಕ್ಕೆ ವರ್ಗಾಯಿಸಿದರೆ ಸರಿಹೋಗುತ್ತದೆ. ಡೆಕ್‌ನ ಹೆಡ್‌ ಮತ್ತು ರಬ್ಬರ್ ರೋಲರನ್ನು ಮೊದಲೇ ಸ್ವಚ್ಛಗೊಳಿಸಿಕೊಂಡಿರಬೇಕು. ಹೆಡ್‌ಗೆ ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕಿವಿಯ ಹತ್ತಿಕಡ್ಡಿಗೆ ತಾಗಿಸಿ ಬಳಸಿ.

ನಕಲು ಮಾಡಿದ ಕ್ಯಾಸೆಟ್‌ ಕಂಬಳಿ ಹೊದ್ದು ಹಾಡಿದಂತೆ ಮಂದವಾಗಿ ಕೇಳಿಸುವುದು ಸಾಮಾನ್ಯ. ಮುದ್ರಿಸಿದ ಯಂತ್ರದ ಹೆಡ್‌ನ ಕೋನಕ್ಕೂ ನಿಮ್ಮ ಯಂತ್ರದ ಹೆಡ್‌ನ ಕೋನಕ್ಕೂ ಹೊಂದಾಣಿಕೆ ಇಲ್ಲದಿದ್ದಾಗ ಹೀಗಾಗುತ್ತದೆ. ಹೆಡ್‌ನ ಪಕ್ಕದಲ್ಲಿರುವ ಸಣ್ಣ ಸ್ಕ್ರೂವನ್ನು ಹಾಡು ನುಡಿಯುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸುತ್ತ, ತಾಳದ ಸಿಂಬಲ್ ಸದ್ದು ಅತ್ಯಂತ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ಮೊದಲಿನ ಸ್ಥಾನಕ್ಕೆ ತರಲು ಅನುಕೂಲವಾಗುವಂತೆ ಎಷ್ಟು ತಿರುಗಿಸಿದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ನಂತರ ಡೆಕ್‌ನ ಲೈನ್-ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಸ್ಟೀರಿಯೊ ಆಗಿ ಮುದ್ರಿಸಿಕೊಳ್ಳಿ. ಸದ್ದು ಅತಿ ಜೋರಾದಾಗಲೂ ಮೀಟರು ಮೈನಸ್ 6 ಡೆಸಿಬೆಲ್‌ ದಾಟದಂತಿದ್ದರೆ ಸಾಕು. ಸದ್ದಿನ ಗುಣ ಕುಂದಿಸದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಉಳಿಸಿ, ಎಂಪಿ3 ಮಾಡಬೇಕೆನಿಸಿದರೆ ಅದನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಿ. ಇದು ನಿಮ್ಮ ಕೇಳುವಿಕೆಗೆ ಮಾತ್ರ. ಸಾರ್ವಜನಿಕವಾಗಿ ಏರಿಸಬೇಡಿ, ಹಾಡುಗಳ ಹಕ್ಕು ಇನ್ನೂ ಬೇರೆಯವರದು.

90 ನಿಮಿಷದ ಕ್ಯಾಸೆಟ್‌ನ ಒಂದು ಬದಿಗೆ 45 ನಿಮಿಷ ಹಿಡಿಯುವುದರಿಂದ ಬದಿಗೊಂದು ಆಲ್ಬಮ್ ತುಂಬಿಸುವುದು ಆಗಿನ ಪದ್ಧತಿ. ಆಲ್ಬಮ್ 47 ನಿಮಿಷದ್ದಾಗಿದ್ದರೆ ಕೊನೆಯ ಹಾಡು ಅರ್ಧಕ್ಕೇ ಕಚಕ್ಕೆಂದು ನಿಲ್ಲುತ್ತಿತ್ತು. ಹಲವರಿಗೆ ತಮ್ಮ ಪ್ರೀತಿಯ ಆಲ್ಬಮ್ಮಿನ ಕೊನೆಯ ಹಾಡಿನ ಎರಡನೆಯ ಚರಣ ಇಂದಿಗೂ ಗೊತ್ತಿರುವುದಿಲ್ಲ. ಡಿಜಿಟಲ್ ಪ್ರತಿಯಲ್ಲಿ ಆ ಕಡಿತವನ್ನು ಸರಿಪಡಿಸಲು ಹೋಗಬೇಡಿ, ಹಾಗೇ ಇರಲಿ. ಪೂರ್ತಿ ಹಾಡು ಬೇಕಾದರೆ ಆ್ಯಪ್‌ನಲ್ಲಿ ಇದ್ದೇ ಇದೆ.

ಕೇಳುವ ರೀತಿ

ಇಡೀ ಆಲ್ಬಮ್ ಕೇಳಿ, ಬಿಡಿ ಹಾಡಲ್ಲ. ಸಾಧ್ಯವಾದರೆ ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ ಕೇಳಿ, ಏಕೆಂದರೆ ಆಗ ನೀವು ಕೇಳಿದ್ದು ಬಹುಶಃ ನಾಲ್ಕು ಜನರ ನಡುವೆ. ಮೊದಲ ಬಾರಿ ಏನನ್ನೂ ಅಳೆಯಬೇಡಿ. ಎರಡನೆಯ ಬಾರಿ ಸಾಹಿತ್ಯವನ್ನು ಎದುರಿಗೆ ಇಟ್ಟುಕೊಳ್ಳಿ, ಅಂದಿನ ಇಂಗ್ಲಿಷಿನಲ್ಲಿ ನಮಗೆ ಅರ್ಧ ಪದಗಳು ತಪ್ಪಾಗಿ ಕೇಳಿಸಿರುತ್ತವೆ.

ಮೂರನೆಯ ಬಾರಿ ಮಾತ್ರ ಒಂದು ಹೋಲಿಕೆ ಮಾಡಿ. 1980 ಮತ್ತು 90ರ ದಶಕಗಳಲ್ಲಿ ಅಮೆರಿಕದ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಒಂದು ಪಟ್ಟಿ ತೂಗುಹಾಕಿರುತ್ತಿದ್ದರು. ಎಡಗಡೆ ಲೌಕಿಕ ತಂಡಗಳ ಹೆಸರು, ಬಲಗಡೆ ಅದೇ ಬಗೆಯ ಸದ್ದು ಮಾಡುವ ಕ್ರೈಸ್ತ ತಂಡದ ಹೆಸರು. ಮಗ ಯಾವ ತಂಡದ ಹುಚ್ಚು ಹಿಡಿಸಿಕೊಂಡಿದ್ದಾನೆ ಎಂದು ತಿಳಿದ ತಾಯಿ ಅದಕ್ಕೆ ಬದಲಿಯನ್ನು ಕೊಂಡೊಯ್ಯಲು ಅನುಕೂಲವಾಗಲಿ ಎಂಬುದು ಉದ್ದೇಶ. 1985ರಲ್ಲಿ ಅಮೆರಿಕದ ಸೆನೆಟ್ಟಿನಲ್ಲೇ ರಾಕ್ ಹಾಡುಗಳ ಅಶ್ಲೀಲತೆಯ ಕುರಿತು ವಿಚಾರಣೆ ನಡೆದಿತ್ತು; ಪೋಷಕರ ಆ ಆತಂಕವೂ ಈ ಮಾರುಕಟ್ಟೆಗೆ ಅನುಕೂಲವಾಗಿಯೇ ಬಂತು. ಆ ಪಟ್ಟಿಯನ್ನು ನೀವೇ ಮನಸ್ಸಿನಲ್ಲಿ ಬರೆದುಕೊಂಡು ಜೋಡಿ ಜೋಡಿಯಾಗಿ ಕೇಳಿ. ಡಿಸಿ ಟಾಕ್‌ನ 1995ರ ‘ಜೀಸಸ್ ಫ್ರೀಕ್’ ಹಾಡನ್ನು ಲೌಕಿಕ ರಾಕ್ ತಂಡವಾದ ನಿರ್ವಾನಾದ ಹಾಡುಗಳ ಪಕ್ಕದಲ್ಲಿಟ್ಟರೆ ಗಿಟಾರಿನ ಸಾಲ ಎಲ್ಲಿಂದ ಬಂದದ್ದು ಎಂಬುದು ತಕ್ಷಣ ತಿಳಿಯುತ್ತದೆ. ಹಾಗೆಂದು ಆ ಹಾಡು ಬಿದ್ದುಹೋಗುವುದಿಲ್ಲ. ಮೂವರ ಕಂಠಗಳು ಒಂದರ ಮೇಲೊಂದು ಏರುವ ಕ್ರಮ ಅವರದೇ. ಆದರೆ ಪಕ್ಕದಲ್ಲಿಟ್ಟಾಗ ಪೂರ್ತಿ ಸೊರಗುವ ಆಲ್ಬಮ್‌ಗಳೂ ಬಹಳ ಸಿಗುತ್ತವೆ, ಅವನ್ನು ಪ್ರೀತಿಸಿದ್ದಕ್ಕೆ ನಾಚಬೇಕಾದ್ದೇನೂ ಇಲ್ಲ.

ಈ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಲ್ಲುವುದು, ನಾನು ಕಂಡಂತೆ, ಸಭೆಯನ್ನೇ (ಚರ್ಚನ್ನೇ) ಪ್ರಶ್ನಿಸಿದ ಹಾಡುಗಳು. ಷಿಕಾಗೋದ ಬಡ ಬೀದಿಗಳಲ್ಲಿ ಸಮುದಾಯವಾಗಿ ಬದುಕಿದ ರೆಸರೆಕ್ಷನ್ ಬ್ಯಾಂಡ್ 1979ರಲ್ಲೇ ‘ಆಫ್ರಿಕಾನ್ಸ್’ ಎಂಬ ಹಾಡಿನಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ಎದುರು ಹಾಕಿಕೊಂಡಿತು. ಗಾಯಕ ಸ್ಟೀವ್ ಟೇಲರ್ 1983ರ ‘ಐ ವಾಂಟ್ ಟು ಬಿ ಎ ಕ್ಲೋನ್’ನಲ್ಲಿ ವಿಶ್ವಾಸಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕಗೊಳ್ಳುವುದನ್ನು ಲೇವಡಿ ಮಾಡಿದರು. ಜಾರ್ಸ್ ಆಫ್ ಕ್ಲೇ ತಂಡದ 1995ರ ‘ಫ್ಲಡ್’ ಮಳೆಯಲ್ಲಿ ಮುಳುಗುತ್ತಿರುವವನ ಮೊರೆ. ಅದು ಸಾಮಾನ್ಯ ರಾಕ್ ರೇಡಿಯೊಗಳಲ್ಲಿ ಓಡಿದಾಗ ಕೇಳಿದ ಎಷ್ಟೋ ಜನರಿಗೆ ಅದು ಕ್ರೈಸ್ತ ಹಾಡೆಂದೇ ಗೊತ್ತಾಗಲಿಲ್ಲ. ನಿಮ್ಮ ಸಂಗ್ರಹದಲ್ಲಿ ಅಂದು ನೀವು ದಾಟಿಸಿ ಮುಂದಕ್ಕೆ ಓಡಿಸುತ್ತಿದ್ದ ನಿಧಾನಗತಿಯ, ಸಂಶಯದ ಹಾಡುಗಳನ್ನು ಈಗ ತಪ್ಪದೆ ಕೇಳಿ.

ಆಡಾಸಿಟಿ ಹೇಗೂ ತೆರೆದಿರುವುದರಿಂದ ಒಂದು ಮೋಜಿನ ಕೆಲಸವನ್ನೂ ಮಾಡಬಹುದು. ರಾಕ್ ಹಾಡುಗಳನ್ನು ಹಿಂದುಮುಂದಾಗಿ ನುಡಿಸಿದರೆ ಸೈತಾನನ ಸಂದೇಶ ಕೇಳುತ್ತದೆ ಎಂದು ಆಗ ಬೋಧಕರು ಹೆದರಿಸುತ್ತಿದ್ದರಲ್ಲ, ಅದಕ್ಕೆ ಉತ್ತರವಾಗಿ ಪೆಟ್ರಾ ತಂಡ 1982ರ ‘ಮೋರ್ ಪವರ್ ಟು ಯಾ’ ಆಲ್ಬಮ್ಮಿನಲ್ಲಿ ‘ಜೂಡಸ್ ಕಿಸ್’ ಹಾಡು ಶುರುವಾಗುವ ಜಾಗದಲ್ಲಿ ಬೇಕೆಂದೇ ಒಂದು ವಾಕ್ಯವನ್ನು ತಿರುಗಿಸಿ ಸೇರಿಸಿತ್ತು. ಆ ಗೊಣಗಾಟದ ಭಾಗವನ್ನಷ್ಟೇ ಆಯ್ದು, ಎಫೆಕ್ಟ್ ಮೆನುವಿನಲ್ಲಿರುವ ರಿವರ್ಸ್ ಒತ್ತಿ. ದೇವರನ್ನು ಹುಡುಕಬೇಕಾದ ನೀವು ಸೈತಾನನನ್ನು ಏಕೆ ಹುಡುಕುತ್ತಿದ್ದೀರಿ ಎಂಬ ಅರ್ಥದ ಪ್ರಶ್ನೆ ನಗುತ್ತ ಕೇಳಿಸುತ್ತದೆ.

ಹಿರಿಯರ ಆ ವಿರೋಧವನ್ನೂ ಇಂದು ಸ್ವಲ್ಪ ತಣ್ಣಗೆ ನೋಡಬಹುದು. ಅಮೆರಿಕದಲ್ಲಿ ಟಿವಿಯಲ್ಲಿ ಕ್ರೈಸ್ತ ಬೋಧನೆ ಮಾಡುತ್ತಿದ್ದ ಜಿಮ್ಮಿ ಸ್ವ್ಯಾಗರ್ಟ್ ಕ್ರಿಶ್ಚಿಯನ್ ರಾಕ್ ವಿರುದ್ಧ ಹರಿಹಾಯುತ್ತಿದ್ದರು. ಅವರ ಸೋದರಸಂಬಂಧಿ ಬೇರಾರೂ ಅಲ್ಲ, ರಾಕ್ ಅಂಡ್ ರೋಲ್‌ನ ಜೆರ್ರಿ ಲೀ ಲೂಯಿಸ್. ನಮ್ಮಲ್ಲಿ ಡ್ರಮ್ ಕಂಡರೆ ಸಿಡುಕುತ್ತಿದ್ದ ಹಿರಿಯರು ಭಾನುವಾರದ ಆರಾಧನೆಯಲ್ಲಿ ಹಾಡುತ್ತಿದ್ದ ಎಷ್ಟೋ ಕನ್ನಡ ಗೀತೆಗಳ ರಾಗಗಳು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಾಲದಲ್ಲಿ ಜರ್ಮನಿಯಿಂದ ಬಂದವು. ಪರದೇಶದ ವಾದ್ಯವೆಂಬ ಆಕ್ಷೇಪ ನಿಲ್ಲುವಂಥದ್ದಾಗಿರಲಿಲ್ಲ. ಆದರೆ ಗದ್ದಲದಲ್ಲಿ ಮಾತು ಕೇಳುವುದಿಲ್ಲ ಎಂಬ ಅವರ ಇನ್ನೊಂದು ಆಕ್ಷೇಪ, ಸಾಹಿತ್ಯವನ್ನು ಈಗಷ್ಟೇ ಮೊದಲ ಬಾರಿ ಓದುತ್ತಿರುವ ನಮಗೆ ಸರಿಯೆನಿಸುತ್ತದೆ.

ನಂಬಿಕೆಯ ವಿಷಯ ಬಂದಾಗ

ಹಾಡಿನೊಂದಿಗೆ ಮೊದಲ ದಿನವೇ ವಾದಕ್ಕಿಳಿಯಬೇಡಿ. ನೀವು ಇನ್ನೂ ವಿಶ್ವಾಸಿಯಾಗಿದ್ದರೆ ಸಾಹಿತ್ಯದ ದೈವಶಾಸ್ತ್ರವನ್ನು ತಿದ್ದುವ ಆಸೆಯಾಗುತ್ತದೆ. ಸಭೆಯನ್ನು ಬಿಟ್ಟಿದ್ದರೆ ಆ ಹಾಡುಗಳು ನಿಮ್ಮನ್ನು ಮೋಸ ಮಾಡಿದವು ಎನಿಸುತ್ತದೆ. ಎರಡೂ ಇಂದಿನ ವಯಸ್ಸಿನ ಮಾತು, ಅವಕ್ಕೆ ಆಮೇಲೆ ಸಮಯವಿದೆ. ಗಾಯಕರ ಬದುಕೂ ಬದಲಾಗಿದೆ. ಹಾಕ್ ನೆಲ್ಸನ್ ತಂಡದ ಜಾನ್ ಸ್ಟೈನ್‌ಗಾರ್ಡ್ 2020ರಲ್ಲಿ ತಾವು ದೇವರನ್ನು ನಂಬುವುದಿಲ್ಲವೆಂದು ಬಹಿರಂಗವಾಗಿ ಹೇಳಿದರು; ಇನ್ನು ಕೆಲವರ ಮೇಲೆ ಗಂಭೀರವಾದ ಆರೋಪಗಳೂ ಬಂದಿವೆ. ಮೊದಲನೆಯ ಬಗೆಯ ಸುದ್ದಿ ಹಾಡನ್ನು ಸುಳ್ಳು ಮಾಡುವುದಿಲ್ಲ, ಬರೆದಾಗ ಅವರು ನಂಬಿಯೇ ಬರೆದಿರಬಹುದು. ಎರಡನೆಯ ಬಗೆಯ ಸುದ್ದಿ ಬೇರೆ. ಒಬ್ಬರೇ ಕೇಳುವಾಗ ಏನು ಮಾಡಬೇಕೆಂಬುದು ನಿಮಗೆ ಬಿಟ್ಟದ್ದು, ಆದರೆ ನಾಲ್ಕು ಜನ ಸೇರಿದಲ್ಲಿ ಅಂಥವರ ಹಾಡನ್ನು ಹಾಕದಿರುವುದೇ ಲೇಸು, ಕೂತವರಲ್ಲಿ ಯಾರಿಗೆ ಯಾವ ಗಾಯವಿದೆ ಎಂಬುದು ನಮಗೆ ತಿಳಿದಿರುವುದಿಲ್ಲ.

ಮಕ್ಕಳಿಗೆ ಇದನ್ನು ಕೇಳಿಸುವ ಉತ್ಸಾಹ ಬಂದರೆ ಕಾರಿನಲ್ಲಿ ಒಂದು ಹಾಡು ಹಾಕಿ ಸುಮ್ಮನಿರಿ. ವಿವರಣೆ ಕೊಡತೊಡಗಿದರೆ ಅವರು ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ.

ಹಳೆಯ ಯುವಜನ ಕೂಟದ ಗೆಳೆಯರೊಂದಿಗೆ ಹಂಚಿಕೊಳ್ಳುವುದಾದರೆ ವಾಟ್ಸಾಪ್ ಗುಂಪಿಗೆ ಲಿಂಕುಗಳ ಸುರಿಮಳೆ ಮಾಡಬೇಡಿ, ಯಾರೂ ತೆರೆಯುವುದಿಲ್ಲ. ಒಂದೇ ಆಲ್ಬಮ್ ಆರಿಸಿ, ಮೂಲ ಮುದ್ರಣದ ಇಸವಿಯನ್ನು ಸ್ಪಷ್ಟವಾಗಿ ಬರೆದು, ಎಲ್ಲರೂ ಅದನ್ನೇ ಕೇಳುವಂತೆ ಒಂದು ವಾರದ ಗಡುವು ಕೊಡಿ. ಕೇಳಿದ ಮೇಲೆ ಬರೆಯುವುದಕ್ಕಿಂತ ಫೋನಿನಲ್ಲಿ ಮಾತಾಡುವುದು ಒಳ್ಳೆಯದು. ಸಭೆಯಲ್ಲಿ ಉಳಿದವರೂ ಬಿಟ್ಟವರೂ ಆ ಕರೆಯಲ್ಲಿ ಇರುತ್ತಾರಾದ್ದರಿಂದ ಮಾತನ್ನು ಮೊದಲು ಗಿಟಾರಿನಿಂದ ಶುರುಮಾಡಿ.